ಚೇರಿಂಗ್ ಕ್ರಾಸಿನ ಕಲ್ಲುಕುಟಿಗರು

ನೆಲದಡಿ ಅಂದ ಕೂಡಲೇ ನಮ್ಮ ಜನಕ್ಕೆ ರೈಲು ನೆನಪಾಗುವುದಿಲ್ಲ, ಮ್ಯಾನ್‌ಹೋಲ್ ನೆನಪಾಗುತ್ತದೆ. ಅದಕ್ಕೂ ಹಿಂದಕ್ಕೆ ಹೋದರೆ ಕೋಲಾರದ ಚಿನ್ನದ ಗಣಿ. 1880ರಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ ತೋಡಿಸಿದ ಆ ಗಣಿ ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿಯಿತು. ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. 2001ರಲ್ಲಿ ಗಣಿ ಮುಚ್ಚಿತು. ಆ ಕಂಪನಿಯ ಊರಾದ ಲಂಡನ್ನಿಗೆ ನಾನು ಈಗ ಓದಲು ಬಂದಿದ್ದೇನೆ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಆಸಾಮಿ ನಾನು. ನಮ್ಮಪ್ಪ ಚಾಮರಾಜನಗರದ ಕಡೆಯ ಕರಿಕಲ್ಲು ಕ್ವಾರಿಯಲ್ಲಿ ಇಪ್ಪತ್ತೆಂಟು ವರ್ಷ ಕಲ್ಲು ಒಡೆದವನು.

ಈ ಲೇಖನ ಒಂದು ಗೋಡೆಯ ಬಗ್ಗೆ. ಅದು ಅರಮನೆಯ ಗೋಡೆಯೂ ಅಲ್ಲ, ಮ್ಯೂಸಿಯಂ ಗೋಡೆಯೂ ಅಲ್ಲ. ನೆಲದಡಿಯ ರೈಲು ನಿಲ್ದಾಣದಲ್ಲಿ, ರೈಲು ಬರುವ ತನಕ ಜನ ಬೆನ್ನು ಒರಗಿಸಿ ನಿಲ್ಲುವ ಗೋಡೆ. ಅದರ ಮೇಲೊಂದು ಚಿತ್ರವಿದೆ. ಆ ಚಿತ್ರವನ್ನು ನೋಡಿ ನನಗೆ ಸಂತೋಷವಾಯಿತು. ಆ ಸಂತೋಷದ ಹಿಂದೆಯೇ ಒಂದು ತಕರಾರೂ ಹುಟ್ಟಿತು. ಎರಡನ್ನೂ ನಿಮ್ಮ ಮುಂದೆ ಇಡಬೇಕು.

ನಮ್ಮ ಪಂಡಿತರು ರಸಾನುಭವದ ಬಗ್ಗೆ ಬರೆಯುವಾಗ ಒಂದು ವಿಷಯವನ್ನು ಮುಚ್ಚಿಡುತ್ತಾರೆ. ರಸ ಸವಿಯಬೇಕಾದರೆ ಮೊದಲು ಒಳಗೆ ಬಿಡಬೇಕು. ನಮ್ಮೂರಿನ ದೇವಸ್ಥಾನದ ಒಳಗಂಬಗಳ ಮೇಲೆ ಒಳ್ಳೆಯ ಕೆತ್ತನೆ ಇದೆಯೆಂದು ನಾನು ತಿಳಿದದ್ದು ಕಾಲೇಜಿನಲ್ಲಿ, ಒಂದು ಪುಸ್ತಕದ ಫೋಟೋದಿಂದ. ನಮ್ಮ ಕೇರಿಯವರು ನೋಡಿದ ಶಿಲ್ಪವೆಲ್ಲ ಗೋಪುರದ ತುದಿಯದು, ದೂರದಿಂದ ಕಾಣುವಷ್ಟು. ಹೀಗೆ ಬೆಳೆದವನಿಗೆ ಪ್ರಾಚೀನ ಕಲೆ, ಭವ್ಯ ಪರಂಪರೆ ಅನ್ನುವ ಮಾತು ಕೇಳಿದರೆ ಮೊದಲು ಕಾಣುವುದು ಬಾಗಿಲು, ಬಾಗಿಲಲ್ಲಿ ನಿಂತ ಮನುಷ್ಯ. ಇದು ನನ್ನೊಬ್ಬನ ಕಾಯಿಲೆ ಅಂತ ನಾನು ತಿಳಿದಿಲ್ಲ.

*

ನಾನು ದಿನವೂ ಹತ್ತುವುದು ನಾರ್ದರ್ನ್ ಲೈನ್ ರೈಲು. ನಕ್ಷೆಯಲ್ಲಿ ಇದಕ್ಕೆ ಕಪ್ಪು ಗೆರೆ. ಚಾಕ್ ಫಾರ್ಮ್ ನಿಲ್ದಾಣದಲ್ಲಿ ಕಾರ್ಡು ಮುಟ್ಟಿಸಿದರೆ ಗೇಟು ತೆರೆಯುತ್ತದೆ. ಅಲ್ಲಿಂದ ಕೆಳಗಿಳಿದು ರೈಲು ಹತ್ತಿದರೆ ಎಂಟನೇ ನಿಲ್ದಾಣ ಚೇರಿಂಗ್ ಕ್ರಾಸ್. ಚಾಕ್ ಫಾರ್ಮಿನಿಂದ ಸ್ವಲ್ಪ ದೂರ ನಡೆದರೆ ಕಿಂಗ್ ಹೆನ್ರೀಸ್ ರಸ್ತೆ, ಹತ್ತನೇ ನಂಬರಿನ ಮನೆ. 1921-22ರಲ್ಲಿ ಬಾಬಾಸಾಹೇಬರು ಬಾಡಿಗೆಗಿದ್ದ ಮನೆ ಅದು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡುಕೊಂಡಿತು. ಅಲ್ಲಿಗೆ ಹೋದವರೆಲ್ಲ ಮಾಡುವ ಹಾಗೆ ನಾನೂ ಮೊದಲ ಸಲ ಹೋದಾಗ ಬಾಗಿಲ ಮುಂದೆ ಸುಮ್ಮನೆ ನಿಂತೆ.

ಸಲೀಸಾದ ಪ್ರಯಾಣ ಅಂದರೇನು ಅಂತ ಈ ರೈಲಿನಲ್ಲಿ ನನಗೆ ಗೊತ್ತಾಯಿತು. ಲಂಡನ್ನಿನ ಮೊದಲ ನೆಲದಡಿ ರೈಲು 1863ರದು. ಅದರಲ್ಲಿ ಮೂರು ದರ್ಜೆಗಳಿದ್ದವು, ದೊಡ್ಡವರಿಗೊಂದು, ನಡುವಿನವರಿಗೊಂದು, ಕೂಲಿಯವರಿಗೊಂದು. 1890ರಲ್ಲಿ ನಾರ್ದರ್ನ್ ಲೈನಿನ ಅತ್ಯಂತ ಹಳೆಯ ತುಂಡು ಶುರುವಾಯಿತು. ಆಳದಲ್ಲಿ, ವಿದ್ಯುತ್ತಿನಿಂದ ಓಡಿದ ಮೊದಲ ರೈಲು ಅದು. ಅದರಲ್ಲಿ ದರ್ಜೆಯೇ ಇರಲಿಲ್ಲ. ಎಲ್ಲರಿಗೂ ಒಂದೇ ಡಬ್ಬಿ, ಒಂದೇ ದರ, ಎರಡು ಪೆನ್ನಿ. ಈಗಲೂ ಬೆಳಿಗ್ಗೆ ಎಂಟೂವರೆಯ ನೂಕುನುಗ್ಗಲಿನಲ್ಲಿ ಸೂಟು ಹಾಕಿದವನ ಭುಜ ನನ್ನ ಭುಜಕ್ಕೆ ಒತ್ತುತ್ತದೆ. ಅವನು ಸರಿದುಕೊಳ್ಳುವುದಿಲ್ಲ, ಸರಿಯಲು ಜಾಗವಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಕಂಡವನಿಗೆ ಈ ಒತ್ತುವಿಕೆ ಸಣ್ಣ ಸುಖವಲ್ಲ. ನಗಬೇಡಿ.

ಇಲ್ಲಿಯ ನಕ್ಷೆಯೂ ಹಾಗೆಯೇ. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಬರೆದದ್ದು, 1933ರಲ್ಲಿ ಅಚ್ಚಾದದ್ದು. ಊರಿನ ನಿಜವಾದ ಅಂಕುಡೊಂಕನ್ನು ಬಿಟ್ಟು ನೇರ ಗೆರೆಗಳಲ್ಲಿ ನಿಲ್ದಾಣಗಳನ್ನು ಪೋಣಿಸಿದ. ಊರು ಎಲ್ಲಿ ಮುಗಿಯಿತು, ಕೇರಿ ಎಲ್ಲಿ ಶುರುವಾಯಿತು ಅಂತ ಅದರಲ್ಲಿ ಕಾಣುವುದಿಲ್ಲ. ನಾನು ಮೊದಲ ದಿನವೇ ಯಾರನ್ನೂ ಕೇಳದೆ ಓಡಾಡಿದೆ. ಆದರೆ ನಕ್ಷೆಯಲ್ಲಿ ಇಲ್ಲದ ಕೇರಿ ನೆಲದ ಮೇಲೆ ಇದ್ದೇ ಇದೆ. ಮೆಟ್ಟಿಲು ಹತ್ತಿ ಹೊರಗೆ ಬಂದರೆ ಯಾವ ಬೀದಿಯಲ್ಲಿ ಯಾವ ಬಣ್ಣದವರ ಮನೆ, ಬಾಡಿಗೆ ಎಷ್ಟು, ಎಲ್ಲ ಗೊತ್ತಾಗುತ್ತದೆ.

ಸಲೀಸು ಅನ್ನುವುದು ತಾನಾಗಿ ಆಗುವುದಿಲ್ಲ, ಯಾರೋ ಮಾಡಿಟ್ಟಿರುತ್ತಾರೆ. 1956ರಲ್ಲಿ ಲಂಡನ್ ಸಾರಿಗೆಯವರು ಬಾರ್ಬಡೋಸ್ ದ್ವೀಪಕ್ಕೇ ಹೋಗಿ ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಂಡು ಬಂದರು. ಇವತ್ತಿಗೂ ರಾತ್ರಿ ಕೊನೆಯ ರೈಲು ಹೋಗಿ ಹಳಿಯ ಕರೆಂಟು ತೆಗೆದ ಮೇಲೆ ಸುರಂಗಕ್ಕೆ ಇಳಿಯುವವರಿದ್ದಾರೆ. ಪ್ರಯಾಣಿಕರ ಮೈಯಿಂದ ಉದುರಿದ ಕೂದಲು, ಚರ್ಮದ ಹೊಟ್ಟು, ಬಟ್ಟೆಯ ನಾರು ಹಳಿಯ ಮೇಲೆ ಕೂತಿರುತ್ತದೆ. ಬಿಟ್ಟರೆ ಬೆಂಕಿ ಹತ್ತುತ್ತದೆ. ಅದನ್ನು ಕೈಯಿಂದ ಬಳಿದು ತೆಗೆಯುತ್ತಾರೆ. 2008ರಲ್ಲಿ ಈ ರೈಲಿನ ಗುಡಿಸುವ ಕೆಲಸಗಾರರು ಬದುಕಲು ಸಾಕಾಗುವ ಕೂಲಿಗಾಗಿ ಮುಷ್ಕರ ಹೂಡಿದರು. ನಮ್ಮಲ್ಲಿ ಮಲ ಹೊರುವುದರ ವಿರುದ್ಧ 1993ರಲ್ಲೊಂದು, 2013ರಲ್ಲೊಂದು ಕಾನೂನು ಬಂದವು. ಗುಂಡಿಗೆ ಇಳಿದು ಸಾಯುವುದು ನಿಂತಿಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಆ ಕೆಲಸ ಹುಟ್ಟಿನಿಂದ ಅಂಟಿ ಬರುವುದಿಲ್ಲ, ಇದು ದೊಡ್ಡ ವ್ಯತ್ಯಾಸ. ಆದರೆ ಎರಡೂ ಕಡೆ ಕೊಳೆ ತೆಗೆಯುವವರು ಬೆಳಕು ಹರಿಯುವ ಮೊದಲೇ ಕಣ್ಮರೆಯಾಗಬೇಕು.

*

ಈಗ ಗೋಡೆಗೆ ಬರೋಣ.

ಚೇರಿಂಗ್ ಕ್ರಾಸಿನಲ್ಲಿ ನಾರ್ದರ್ನ್ ಲೈನಿನ ಪ್ಲಾಟ್‌ಫಾರಂ ಉದ್ದಕ್ಕೂ ಸುಮಾರು 100 ಮೀಟರ್ ಉದ್ದದ ಕಪ್ಪು-ಬಿಳುಪು ಚಿತ್ರ. ಬರೆದವರು ಡೇವಿಡ್ ಜಂಟಲ್‌ಮನ್, 1930ರಲ್ಲಿ ಹುಟ್ಟಿದ ಕಲಾವಿದರು. 2003ರಲ್ಲಿ ಇರಾಕ್ ಯುದ್ಧದ ವಿರುದ್ಧ ಲಂಡನ್ನಿನ ಬೀದಿಗಿಳಿದ ಜನ ಎತ್ತಿ ಹಿಡಿದಿದ್ದ, ರಕ್ತದ ಹನಿ ಚಿಮ್ಮಿದ ‘ಬೇಡ’ ಎಂಬ ಭಿತ್ತಿಪತ್ರ ಅವರದೇ. ಈ ಗೋಡೆಯ ಚಿತ್ರ 1979ರದು. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಒಬ್ಬರಿಗೊಬ್ಬರ ಸುದ್ದಿ ಗೊತ್ತಿದ್ದಿರಲಾರದು. ಆದರೆ ಅಲ್ಲಿ ನಮ್ಮ ಹಿರಿಯರು ಸಾಹಿತ್ಯಕ್ಕೆ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲಿ ಒಬ್ಬ ಕಲಾವಿದ ಮರದ ಮೇಲೆ ಕೊರೆಯುತ್ತಿದ್ದ: ಇದನ್ನು ಕಟ್ಟಿದ್ದು ಯಾರು?

ಕಟ್ಟಿದ್ದು ಏನನ್ನು? ಅದಕ್ಕೊಂದು ರಾಜನ ಕಥೆ ಇದೆ. 1290ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡನ ಹೆಂಡತಿ ಎಲಿನಾರ್ ಲಿಂಕನ್ ಪಟ್ಟಣದ ಹತ್ತಿರ ತೀರಿಕೊಂಡಳು. ಹೆಣವನ್ನು ಲಂಡನ್ನಿಗೆ ತರುವಾಗ ರಾತ್ರಿ ಇಳಿಸಿದ ಒಂದೊಂದು ಜಾಗದಲ್ಲೂ ರಾಜ ಒಂದೊಂದು ಕಲ್ಲಿನ ಶಿಲುಬೆ ಗೋಪುರ ಕಟ್ಟಿಸಿದ. ಒಟ್ಟು 12. ಕೊನೆಯದು ಚೇರಿಂಗ್ ಎಂಬ ಹಳ್ಳಿಯಲ್ಲಿ, 1291ರಿಂದ 1294ರ ಹೊತ್ತಿಗೆ ಕಟ್ಟಿದ್ದು. ಎಲ್ಲಕ್ಕಿಂತ ಹೆಚ್ಚು ದುಡ್ಡು ಸುರಿದದ್ದು ಅದಕ್ಕೇ. 1647ರಲ್ಲಿ ರಾಜನ ವಿರುದ್ಧ ದಂಗೆ ಎದ್ದ ಪಾರ್ಲಿಮೆಂಟಿನವರು ಅದನ್ನು ಕೆಡವಿಸಿದರು. ಈಗ ರೈಲ್ವೆ ಸ್ಟೇಷನ್ನಿನ ಮುಂದೆ ನಿಂತಿರುವುದು 1865ರಲ್ಲಿ ಹೊಸದಾಗಿ ಕಟ್ಟಿದ್ದು.

ಗೈಡುಗಳು ಇದನ್ನು ಅಮರ ಪ್ರೇಮದ ಸ್ಮಾರಕ ಅನ್ನುತ್ತಾರೆ. ಚೇರಿಂಗ್ ಅಂದರೆ ಫ್ರೆಂಚ್ ಭಾಷೆಯಲ್ಲಿ ‘ಪ್ರಿಯ ರಾಣಿ’ ಅನ್ನುವುದರಿಂದ ಬಂತು ಅಂತ ಕಥೆಯನ್ನೂ ಕಟ್ಟಿದ್ದಾರೆ. ಅದು ಸುಳ್ಳು. ಅದು ಹಳೆಯ ಇಂಗ್ಲಿಷಿನ ಮಾತು, ತಿರುವು ಎಂದು ಅರ್ಥ. ಹೊಳೆ ತಿರುಗುವ ಜಾಗದ ಹಳ್ಳಿ, ಅಷ್ಟೇ. ಇನ್ನು ಪ್ರೇಮದ ಮಾತು. ಅದೇ 1290ರ ಜುಲೈನಲ್ಲಿ ಇದೇ ಎಡ್ವರ್ಡ್ ಇಂಗ್ಲೆಂಡಿನಲ್ಲಿದ್ದ ಯಹೂದಿಗಳನ್ನೆಲ್ಲ ದೇಶ ಬಿಟ್ಟು ಹೋಗಲು ಆಜ್ಞೆ ಮಾಡಿದ. ಯಹೂದಿ ಲೇವಾದೇವಿಗಾರರಿಗೆ ಸಾಲ ತೀರಿಸಲಾರದವರ ಜಮೀನುಗಳನ್ನು ರಾಣಿ ಎಲಿನಾರ್ ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದ್ದಳೆಂದು ಅವಳ ಕಾಲದವರೇ ದೂರಿದ್ದರು. ರಾಜ ಅತ್ತಿದ್ದು ನಿಜವೇ ಇರಬಹುದು. ರಾಜರು ಅತ್ತರೆ ಕಲ್ಲು ಹೊರುವವರು ಬೇರೆಯವರು.

ಜಂಟಲ್‌ಮನ್ ಈ ಕಥೆಯ ತಲೆಯನ್ನು ಕೆಳಗೆ ಮಾಡಿದ್ದಾರೆ. ಅವರ ಚಿತ್ರದ ನಾಯಕ ರಾಜನಲ್ಲ, ರಾಣಿಯಲ್ಲ. ಕಥೆ ಶುರುವಾಗುವುದೇ ಕಲ್ಲಿನ ಕ್ವಾರಿಯಲ್ಲಿ. ಬಂಡೆ ಎಬ್ಬಿಸುವವರು, ದಪ್ಪಗೆ ಒಡೆಯುವವರು, ದೋಣಿಯಲ್ಲಿ ಸಾಗಿಸುವವರು, ಕುದುರೆ ಹೊಡೆಯುವವರು, ಗಾರೆ ಕಲಸುವವರು, ಉಳಿ ಹದ ಮಾಡುವ ಕಮ್ಮಾರರು, ಬಡಗಿಗಳು, ಸಾರುವೆ ಕಟ್ಟುವವರು, ಗಾರೆ ಹೊರುವ ಆಳುಗಳು, ಕೆಲಸ ಕಲಿಯುವ ಹುಡುಗರು, ರಾಟೆ ತಿರುಗಿಸಿ ಕಲ್ಲು ಮೇಲೆತ್ತುವವರು, ಕಡೆಗೆ ಮೂರ್ತಿ ಕೆತ್ತುವವರು. ಪ್ಲಾಟ್‌ಫಾರಂ ಮೇಲೆ ನಡೆಯುತ್ತಾ ಹೋದರೆ ಒಂದು ಗೋಪುರ ಏಳುವುದನ್ನು ಕಾಣುತ್ತೀರಿ.

ಚಿತ್ರದ ರೀತಿಯ ಬಗ್ಗೆಯೂ ಹೇಳಬೇಕು. ನಮ್ಮ ಕಡೆಯ ವಿಮರ್ಶೆ ವಸ್ತುವನ್ನು ಮಾತ್ರ ನೋಡುತ್ತದೆ, ರೂಪ ನೋಡುವುದಿಲ್ಲ ಅನ್ನುವ ದೂರು ಹಳೆಯದು. ಜಂಟಲ್‌ಮನ್ ಮೊದಲು ಸಣ್ಣ ಸಣ್ಣ ಮರದ ಅಚ್ಚುಗಳ ಮೇಲೆ ಉಳಿಯಿಂದ ಕೊರೆದರು. ಆಮೇಲೆ ಅದನ್ನು ಸುಮಾರು 20 ಪಟ್ಟು ಹಿಗ್ಗಿಸಿ ಫಲಕಗಳ ಮೇಲೆ ಅಚ್ಚು ಹಾಕಿಸಿದರು. ಇದರಿಂದ ಎರಡು ಕೆಲಸವಾಗಿದೆ. ಒಂದು, ಅಂಗೈಯಲ್ಲಿ ಅಡಗುವ ಮನುಷ್ಯರು ನಮ್ಮ ಎತ್ತರಕ್ಕೆ ಬಂದು ಪಕ್ಕದಲ್ಲಿ ನಿಂತಿದ್ದಾರೆ. ಎರಡು, ಉಳಿಯ ಗೀರು ಗೀರಾಗಿಯೇ ಉಳಿದಿದೆ. ಬ್ರಷ್ಷಿನ ನುಣುಪಿಲ್ಲ. ಕಲ್ಲು ಕೆತ್ತುವವನನ್ನು ಮರ ಕೆತ್ತುವವನು ಕೆತ್ತಿದ್ದಾನೆ, ಒಂದು ಕಸುಬು ಇನ್ನೊಂದು ಕಸುಬನ್ನು ಗುರುತು ಹಿಡಿದಿದೆ. ಎಣ್ಣೆ ಬಣ್ಣದಲ್ಲಿ ಬರೆದಿದ್ದರೆ ಇವರೆಲ್ಲ ಕ್ಯಾಲೆಂಡರಿನ ಜನರಾಗುತ್ತಿದ್ದರು.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಟ್ರಫಾಲ್ಗರ್ ಚೌಕ. ನೆಲ್ಸನ್ನನ ಕಂಬ, ನಾಲ್ಕನೇ ಜಾರ್ಜ್ ದೊರೆ, 1857ರಲ್ಲಿ ನಮ್ಮವರನ್ನು ಹೊಸಕಿದ ಹ್ಯಾವ್‌ಲಾಕ್, ಸಿಂಧ್ ಪ್ರಾಂತವನ್ನು ಗೆದ್ದ ನೇಪಿಯರ್. ಮೇಲೆ ಬಿಸಿಲಿನಲ್ಲಿ ದಳಪತಿಗಳು, ಕೆಳಗೆ ಸುರಂಗದಲ್ಲಿ ಕಲ್ಲುಕುಟಿಗರು. ಈ ಏರ್ಪಾಡು ನಮಗೆ ಹೊಸದಲ್ಲ. ಆದರೆ ಮೇಲಿನವರನ್ನು ನೋಡಲು ಕತ್ತೆತ್ತಬೇಕು. ಕೆಳಗಿನವರು ನಮ್ಮ ಮಟ್ಟಕ್ಕೇ ನಿಂತಿದ್ದಾರೆ, ಅವರ ಪಕ್ಕ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿನ್ನಬಹುದು. ನಾನು ತಿಂದಿದ್ದೇನೆ.

*

ಚಿತ್ರದ ಐದಾರು ಫೋಟೋ ತೆಗೆದು ತಂಗಿಯ ಫೋನಿಗೆ ಕಳಿಸಿ, ಅಪ್ಪನಿಗೆ ತೋರಿಸು ಅಂದೆ. ಅಪ್ಪನಿಗೆ ಓದು ಬರೆಯಲು ಬರುವುದಿಲ್ಲ. ಆ ರಾತ್ರಿ ಅವನೇ ಮಾತಾಡಿದ.

“ಉಳಿ ಹಿಡ್ದಿರೋದು ಸರ್ಯಾಗದ ಕನ್ ಮಗ. ಬರ್ದವ್ನು ಕಲ್ಕೆಲ್ಸ ಕಣ್ಣಾರೆ ನೋಡವ್ನೆ.”

ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಇವ್ರಲ್ಲಿ ಮೇಸ್ತ್ರಿ ಯಾವನು?”

ನನಗೆ ಹೇಳಲಾಗಲಿಲ್ಲ. ನಾನು ಕಳಿಸಿದ ಫೋಟೋಗಳಲ್ಲಿ ಯಾರೂ ಯಾರ ಮೇಲೂ ಕೈ ಮಾಡಿ ನಿಂತಿರಲಿಲ್ಲ. ಎಲ್ಲರ ಗೆರೆಯೂ ಒಂದೇ ದಪ್ಪ. ಗೋಪುರ ದೊಡ್ಡದು, ಆದರೆ ಮನುಷ್ಯರಲ್ಲಿ ಹಿರಿದು ಕಿರಿದು ಇಲ್ಲ. ಹತ್ತು ಸಲ ನೋಡಿದ ನನಗೆ ಕಾಣದ್ದು ಒಂದೇ ನೋಟಕ್ಕೆ ಅಪ್ಪನಿಗೆ ಕಂಡಿತ್ತು.

ಮತ್ತೆ ಅಂದ: “ಎಲ್ರೂ ಗೇಯ್ತಾನೇ ಅವ್ರೆ. ಒಬ್ನಾದ್ರೂ ಕೂತ್ಕಂಡು ಎಲಡ್ಕ ಹಾಕ್ಕತಾ ಇಲ್ವಲ್ಲ? ಕೈ ಜಜ್ಕಂಡವ್ನು ಒಬ್ನೂ ಇಲ್ವಲ್ಲ?”

ಅಪ್ಪನ ಎಡಗೈಯ ಎರಡು ಬೆರಳು ಅರ್ಧಕ್ಕೆ ಇಲ್ಲ. ಆ ಪ್ರಶ್ನೆ ಅಲ್ಲಿಂದ ಬಂದದ್ದು.

ಗೆಳೆಯರೇ, ನಾನು ವಿಶ್ವವಿದ್ಯಾಲಯದಲ್ಲಿ ಕಲಾವಿಮರ್ಶೆಯ ಪುಸ್ತಕಗಳನ್ನು ಓದಿದ್ದೇನೆ. ಆದರೆ ಈ ಚಿತ್ರದ ಬಗ್ಗೆ ಇಷ್ಟು ಖಚಿತವಾದ ಮಾತನ್ನು ಎಲ್ಲೂ ಓದಿಲ್ಲ. ಚಿತ್ರದ ಶಕ್ತಿಯನ್ನೂ ಕೊರತೆಯನ್ನೂ ಅಪ್ಪ ಮೂರು ಮಾತಿನಲ್ಲಿ ಹೇಳಿ ಮುಗಿಸಿದ. ಕೆಲಸವನ್ನು ಗೌರವಿಸುವ ಚಿತ್ರ ಇದು. ಆದರೆ ಆ ಗೌರವದ ಭರದಲ್ಲಿ ಕೆಲಸದ ನೋವು, ಸುಸ್ತು, ಸೋಮಾರಿತನ ಕೂಡ ಒರೆಸಿಹೋಗಿವೆ. ದುಡಿಯುವ ಮನುಷ್ಯ ದುಡಿಯುತ್ತಿರುವಾಗ ಮಾತ್ರ ಚಂದ ಅನ್ನುವುದಾದರೆ ಅದು ಯಜಮಾನನ ಕಣ್ಣು. ಜಂಟಲ್‌ಮನ್ ಯಜಮಾನನ ಪಕ್ಷದವರಲ್ಲ, ಅವರ ಬದುಕೇ ಹೇಳುತ್ತದೆ. ಆದರೂ ಒಳ್ಳೆಯ ಕಲಾವಿದನ ಕೈಯೊಳಗೂ ಆ ಕಣ್ಣು ನುಸುಳಬಹುದು. ನಮ್ಮ ಹಾಡುಗಳಲ್ಲೂ ಬೆವರು ಮುತ್ತಾಗುತ್ತದಲ್ಲ, ಆಗ ನುಸುಳುವುದೂ ಅದೇ ಕಣ್ಣು.

*

ನನ್ನ ದೊಡ್ಡ ತಕರಾರು ಬೇರೆ. ಅದು ಹೆಸರಿನದು.

ಚೇರಿಂಗ್ ಗೋಪುರ ಕಟ್ಟಿದ ಲೆಕ್ಕದ ಪತ್ರಗಳು ಉಳಿದುಕೊಂಡಿವೆ. ಕೆಲಸ ಹಿಡಿದವನು ರಿಚರ್ಡ್ ಕ್ರಂಡೇಲ್. ಅವನು ಸತ್ತ ಮೇಲೆ ಮುಗಿಸಿದವನು ರೋಜರ್ ಕ್ರಂಡೇಲ್. ಮೂರ್ತಿ ಕೆತ್ತಿದವನು ಅಬಿಂಗ್ಡನ್ನಿನ ಅಲೆಗ್ಸಾಂಡರ್. ಹೀಗೆ ದೊಡ್ಡ ಮೇಸ್ತ್ರಿಗಳ ಹೆಸರು ಪುಸ್ತಕಗಳಲ್ಲಿ ನಿಂತಿತು. ನಮ್ಮಲ್ಲೂ ಹಾಗೆಯೇ. ಹೊಯ್ಸಳರ ಗುಡಿಗಳಲ್ಲಿ ದಾಸೋಜ, ಮಲ್ಲಿತಮ್ಮ ಅಂತ ರೂವಾರಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಆ ಕಲ್ಲನ್ನು ಬಂಡೆಯಿಂದ ಎಬ್ಬಿಸಿ ಎಳೆದು ತಂದವರ ಹೆಸರನ್ನು ಯಾವ ಮೂರ್ತಿಯ ಪಾದದಲ್ಲೂ ನಾನು ಕಂಡಿಲ್ಲ. ಲಂಡನ್ನಿನ ಸುರಂಗ ತೋಡುವ ಯಂತ್ರವನ್ನು ಸುಧಾರಿಸಿದ ಎಂಜಿನಿಯರ್ ಗ್ರೇಟ್‌ಹೆಡ್‌ಗೆ 1994ರಲ್ಲಿ ಕಾರ್ನ್‌ಹಿಲ್ ರಸ್ತೆಯಲ್ಲಿ ಪ್ರತಿಮೆ ನಿಲ್ಲಿಸಿದರು. ಆ ಪ್ರತಿಮೆಯ ಪೀಠದೊಳಗೆ ನೆಲದಡಿಗೆ ಗಾಳಿ ಹೋಗುವ ಕೊಳವೆ ಇದೆ. ಗುದ್ದಲಿ ಹಿಡಿದು ಒಳಗಿದ್ದವರಿಗೆ ಗಾಳಿಯೇ ಸಾಕು ಅಂತ ಕಾಣುತ್ತದೆ.

ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ಹಿರಿಯ ಗೆಳೆಯರು ಇಲ್ಲಿ ಮಾಸ್ಕೋದ ಮಾತೆತ್ತುತ್ತಾರೆ. ಎತ್ತಲಿ. ಅಲ್ಲಿಯ ಕ್ರಾಂತಿ ಚೌಕ ನಿಲ್ದಾಣ 1938ರದು. ಶಿಲ್ಪಿ ಮನೀಜರ್ ಮಾಡಿದ 76 ಕಂಚಿನ ಪ್ರತಿಮೆಗಳು ಕಮಾನುಗಳ ಬುಡದಲ್ಲಿವೆ. ಸೈನಿಕ, ರೈತ, ಗಣಿ ಕೆಲಸಗಾರ, ಓದುವ ಹುಡುಗಿ. ನಾನು ಚಿತ್ರಗಳಲ್ಲಷ್ಟೇ ನೋಡಿದ್ದೇನೆ. ದುಡಿಯುವವರಿಗೆ ಅರಮನೆಯಂಥ ನಿಲ್ದಾಣ ಕಟ್ಟಬೇಕೆಂಬ ಆಸೆ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಕಮಾನಿನ ಇಕ್ಕಟ್ಟಿಗೆ ಹೊಂದಿಸಲು ಹೆಚ್ಚಿನವರನ್ನು ಬಗ್ಗಿಸಿ, ಮಂಡಿಯೂರಿಸಿ, ಕೂರಿಸಿ ಮಾಡಿದ್ದಾರೆ. ಅದೇ ವರ್ಷಗಳಲ್ಲಿ ಹೊರಗೆ ಸ್ಟಾಲಿನ್ನನ ಪೊಲೀಸರು ಹೆಸರಿನ ಪಟ್ಟಿ ಹಿಡಿದು ರಾತ್ರಿ ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ಕಂಚಿನ ಕೆಲಸಗಾರನಿಗೆ ಹೆಸರಿಲ್ಲ, ಹೆಸರಿದ್ದ ಕೆಲಸಗಾರನಿಗೆ ಉಳಿವಿಲ್ಲ. ವರ್ಗದ ಚಿತ್ರ ಬರೆದ ಮಾತ್ರಕ್ಕೆ ಮನುಷ್ಯನ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ಕಪ್ಪು ಗೆರೆಯ ರೈಲಿನಲ್ಲೇ ಇನ್ನೊಂದು ಉದಾಹರಣೆ ಇದೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ಬಾಂಬು ಸುರಿಸತೊಡಗಿದಾಗ, ನೆಲದಡಿಯ ನಿಲ್ದಾಣಗಳನ್ನು ಆಸರೆಗೆ ಬಳಸಬಾರದೆಂದು ಸರ್ಕಾರ ಮೊದಲು ತಡೆಯಿತು. ಜನ ಕೇಳಲಿಲ್ಲ. ಅತಿ ಅಗ್ಗದ ಟಿಕೆಟ್ ಕೊಂಡು, ಹಾಸಿಗೆ ಸುತ್ತಿಕೊಂಡು ಇಳಿದರು, ಮೇಲಕ್ಕೆ ಬರಲು ಒಪ್ಪಲಿಲ್ಲ. ಕೊನೆಗೆ ಸರ್ಕಾರವೇ ಮಣಿಯಿತು. ಮಹಾಡದ ಕೆರೆಗೆ 1927ರಲ್ಲಿ ನಮ್ಮವರು ಇಳಿದದ್ದನ್ನು ಬಲ್ಲವರಿಗೆ ಈ ದೃಶ್ಯ ಅರ್ಥವಾಗುತ್ತದೆ. ಆಗ ಚಾಕ್ ಫಾರ್ಮಿನ ಪಕ್ಕದ ಬೆಲ್ಸೈಜ್ ಪಾರ್ಕ್ ನಿಲ್ದಾಣದಲ್ಲಿ ಈ ಜನರನ್ನು ಕಂಡವನು ಶಿಲ್ಪಿ ಹೆನ್ರಿ ಮೂರ್, ಗಣಿ ಕಾರ್ಮಿಕನ ಮಗ. ಮುಸುಕು ಹಾಕಿ ಸಾಲಾಗಿ ಮಲಗಿದವರನ್ನು ಆತ ಬರೆದ ಚಿತ್ರಗಳು ಈಗ ಜಗತ್ಪ್ರಸಿದ್ಧ. ನೋಡಿದರೆ ಎದೆ ನಡುಗುತ್ತದೆ. ಆದರೆ ಅವರ ಮುಖಗಳೂ ಅಳಿಸಿದ ಹಾಗಿವೆ. ದುಃಖಿತರು ಒಟ್ಟಾಗಿ ಒಂದು ರಾಶಿಯಾಗಿ ಕಾಣುತ್ತಾರೆ. ನಮ್ಮ ಬಗ್ಗೆ ಕನಿಕರದಿಂದ ಬರೆದ ಎಷ್ಟೋ ಕಥೆಗಳಲ್ಲಿ ನಾವೂ ಹೀಗೆಯೇ ಕಂಡಿದ್ದೇವೆ.

*

ಹಾಗಾದರೆ ಹೆಸರು ಎಲ್ಲಿ ಸಿಕ್ಕಿತು? ಹೇಳುತ್ತೇನೆ. ಇದೇ ಗೆರೆಯಲ್ಲಿ ಚೇರಿಂಗ್ ಕ್ರಾಸಿಗಿಂತ ಎರಡು ನಿಲ್ದಾಣ ಮೊದಲೇ, ಟಾಟನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿ ಇಳಿದು ನಡೆದರೆ ಬ್ರಿಟಿಷ್ ಮ್ಯೂಸಿಯಂ. ಬಾಬಾಸಾಹೇಬರು ಹಗಲೆಲ್ಲ ಕೂತು ಓದಿದ ಓದುಕೋಣೆ ಅಲ್ಲಿಯದು. ಒಳಗೆ ಹೋಗಲು ದುಡ್ಡಿಲ್ಲ. ಅಲ್ಲಿ ಗಾಜಿನ ಗೋಡೆಯ ಒಂದು ಕೋಣೆಯಲ್ಲಿ ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳಿವೆ. ಬುದ್ಧನ ಕಾಲಬುಡದಲ್ಲಿ ಬಾಗಿದ ಹೆಂಗಸರು, ಆನೆ, ತಾವರೆ, ತುಂಬಿದ ಕೊಡ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಅಲ್ಲಿಯ ಜಮೀನ್ದಾರ ಆ ಸ್ತೂಪವನ್ನು ಕಲ್ಲಿಗಾಗಿ ಕೀಳಿಸಿದ. ಎಷ್ಟೋ ಫಲಕಗಳನ್ನು ಸುಟ್ಟು ಸುಣ್ಣ ಮಾಡಿದರು. 1845ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಅಗೆಸಿದ ಕಲ್ಲುಗಳು ಮದ್ರಾಸಿಗೆ, ಅಲ್ಲಿಂದ ಹಡಗಿನಲ್ಲಿ ಇಲ್ಲಿಗೆ ಬಂದವು. ಕಳವಿನ ಮಾಲು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಊರಿನಲ್ಲಿ ಸುಣ್ಣವಾದವುಗಳ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಅಮರಾವತಿಯಲ್ಲಿ ಸಿಕ್ಕ ದಾನದ ಶಾಸನಗಳಲ್ಲಿ ಒಂದನ್ನು ಓದಿ ನಾನು ಎದ್ದು ನಿಂತೆ. ತುಂಬಿದ ಕೊಡದ ಚಿತ್ರವಿರುವ ಒಂದು ಕಲ್ಲು ಹಲಗೆ. ಅದನ್ನು ಕೊಟ್ಟವನು ವಿಧಿಕ. ಅವನ ಕಸುಬು ಚಮ್ಮಾರಿಕೆ. ಆಗಿನ ಪ್ರಾಕೃತದಲ್ಲೂ ಹೆಚ್ಚು ಕಡಿಮೆ ಇದೇ ಮಾತು. ಅವನು ಉಪಾಧ್ಯಾಯ ನಾಗನ ಮಗ. ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಮಗ ನಾಗ, ಹೆಣ್ಣುಮಕ್ಕಳು, ಎಲ್ಲರೂ ಕೂಡಿ ಕೊಟ್ಟದ್ದು ಅಂತ ಬರೆದಿದೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಒಬ್ಬ ಮೇಷ್ಟ್ರ ಮಗ ಚರ್ಮದ ಕೆಲಸ ಮಾಡುತ್ತಿದ್ದ. ಆ ಕೆಲಸವನ್ನು ಮುಚ್ಚಿಡದೆ ಕಲ್ಲಿನ ಮೇಲೆ ಬರೆಸಿದ. ಮಗನಿಗೆ ತಾತನ ಹೆಸರಿಟ್ಟಿದ್ದ.

ವಿಧಿಕ ದಾನಿ, ಕೆತ್ತಿದವನಲ್ಲ, ಇದು ನನಗೆ ಗೊತ್ತು. ಆ ಹಲಗೆ ಕೆತ್ತಿದವನ ಹೆಸರು ಅಲ್ಲೂ ಇಲ್ಲ. ಬೌದ್ಧರ ಕಾಲವೆಲ್ಲ ಸ್ವರ್ಗ ಅಂತ ನಾನು ವಾದಿಸುತ್ತಿಲ್ಲ. ಆದರೆ ಪೂಜೆಯ ಜಾಗದಲ್ಲಿ ಒಬ್ಬ ಚಮ್ಮಾರ ತನ್ನ ಕಸುಬಿನ ಸಮೇತ, ಹೆತ್ತವ್ವನ ಸಮೇತ ಕಲ್ಲಿನಲ್ಲಿ ದಾಖಲಾಗಬಹುದಿತ್ತು ಅನ್ನುವುದು ಸಣ್ಣ ಸಂಗತಿಯೇ? ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲೂ ದಾನ ಕೊಟ್ಟ ಜನರ ಹೆಸರುಗಳಿವೆ. ಅಶೋಕನ ಮೂರ್ತಿಯ ಜೊತೆ ‘ರಾಯ ಅಸೋಕ’ ಅಂತ ಬರೆದಿರುವ ಕಲ್ಲೂ ಅಲ್ಲಿಯದೇ. ನಮಗೆ ಪರಂಪರೆ ಇಲ್ಲ, ಆಕ್ರೋಶ ಮಾತ್ರ ಇದೆ ಅಂತ ಹೇಳುವವರಿಗೆ ಈ ಕಲ್ಲುಗಳನ್ನು ತೋರಿಸಬೇಕು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಹಿಡಿದ ದಾರಿಯ ಹಿಂದೆ ಇಂಥ ಕಲ್ಲುಗಳೂ ಇದ್ದವು.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಚೇರಿಂಗ್ ಕ್ರಾಸಿನ ಗೋಡೆಯಲ್ಲಿ ಕೈಗಳಿವೆ, ಹೆಸರಿಲ್ಲ. ಅಮರಾವತಿಯ ಹಲಗೆಯಲ್ಲಿ ಹೆಸರಿದೆ, ಕೆತ್ತಿದ ಕೈ ಕಾಣುವುದಿಲ್ಲ. ದುಡಿಯುವವರನ್ನು ಕುರಿತ ಕಲೆಗೆ ಎರಡೂ ಬೇಕು. ಅದು ನನ್ನ ಅಳತೆಗೋಲು, ನನ್ನ ಕವಿತೆಗೂ ಅದೇ ಕೋಲು. ನನ್ನ ಹಳೆಯ ಪದ್ಯಗಳನ್ನು ಮತ್ತೆ ತೆಗೆದು ನೋಡಿದೆ. ‘ನನ್ನ ಜನ’, ‘ನನ್ನ ಜನ’ ಅಂತ ಹದಿನೇಳು ಕಡೆ ಬರೆದಿದ್ದೇನೆ. ಒಂದು ಕಡೆಯೂ ಒಬ್ಬರ ಹೆಸರಿಲ್ಲ.

*

ಬೆಂಗಳೂರಿಗೂ ನೆಲದಡಿ ರೈಲು ಬಂದಿದೆ. 2016ರಲ್ಲಿ ಶುರುವಾದ ಸುರಂಗದಲ್ಲಿ ವಿಧಾನಸೌಧದ ಹತ್ತಿರದ ನಿಲ್ದಾಣಕ್ಕೆ ಬಾಬಾಸಾಹೇಬರ ಹೆಸರಿದೆ. ಸಂತೋಷ. ಮೇಲಿರುವ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆದಿದೆ. ಐವತ್ತರ ದಶಕದಲ್ಲಿ ಆ ದೇವರ ಕೆಲಸಕ್ಕೆ ಕಲ್ಲು ಹೊತ್ತ ಸಾವಿರಾರು ಕೂಲಿಗಳಲ್ಲಿ ಜೈಲಿನ ಕೈದಿಗಳೂ ಇದ್ದರು. ನಾಳೆ ನಮ್ಮ ನಿಲ್ದಾಣಗಳ ಗೋಡೆಗೆ ಚಿತ್ರ ಬರೆಸುವಾಗ ಮತ್ತೆ ರಾಜರು, ಆನೆಗಳು, ಅಂಬಾರಿ ಬರುತ್ತವೆ ಅನ್ನುವುದು ನನ್ನ ಭಯ. ಬರಲಿ, ಒಂದು ಮೂಲೆಯಲ್ಲಿರಲಿ. ಸುರಂಗ ಅಗೆದವರ ಚಿತ್ರ ಬೇಕು, ಅದರ ಕೆಳಗೆ ಅವರ ಹೆಸರು, ಅವರ ಊರು ಬೇಕು. ಈಗಿನ ಕೆಲಸಕ್ಕೆ ಹಾಜರಿ ಪುಸ್ತಕಗಳಿವೆ, ಹುಡುಕಿದರೆ ಸಿಗುತ್ತವೆ. ಇದನ್ನು ನಾವು ಕೇಳಬೇಕು, ಬರವಣಿಗೆಯಲ್ಲೂ ಕೇಳಬೇಕು, ಅರ್ಜಿಯಲ್ಲೂ ಕೇಳಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ನಮ್ಮೂರ ಶಾಲೆಯ ಗೋಡೆಯಲ್ಲಿ ಒಂದು ಉದ್ಘಾಟನೆಯ ಕಲ್ಲಿದೆ. ಮಂತ್ರಿ, ಶಾಸಕರು, ಅಧ್ಯಕ್ಷರು, ಗುತ್ತಿಗೆದಾರರು, ಎಲ್ಲರ ಹೆಸರು ಅದರಲ್ಲಿದೆ. ಆ ಕಲ್ಲನ್ನು ಸೀಳಿ ನುಣ್ಣಗೆ ಮಾಡಿದವನು ನಮ್ಮಪ್ಪ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಕಲ್ಲಿನ ಮೇಲೆ ಬೆರಳಿಟ್ಟು. ಎಲ್ಲ ಹೆಸರನ್ನೂ ಓದಿ ಮುಗಿಸಿ, ನಿನ್ನ ಹೆಸರು ಎಲ್ಲಪ್ಪಾ ಅಂತ ಕೇಳಿದ್ದೆ. ಅವನು ನಕ್ಕುಬಿಟ್ಟಿದ್ದ. ನಿಮ್ಮ ಶಾಲೆಯಲ್ಲೂ ಇಂಥ ಕಲ್ಲಿರುತ್ತದೆ. ಮಕ್ಕಳನ್ನು ಅವರವರ ಮನೆಗೆ ಕಳಿಸಿ, ಆ ಶಾಲೆ, ಆ ಕೆರೆ ಏರಿ, ಆ ಗುಡಿಯ ಹೊಸ ಕಾಂಪೌಂಡು ಕಟ್ಟಿದ್ದು ಯಾರು ಅಂತ ಕೇಳಿಸಿ. ಬರೆದುಕೊಂಡು ಬರಲಿ. ಆ ಪಟ್ಟಿಯನ್ನು ಆ ಕಲ್ಲಿನ ಪಕ್ಕದಲ್ಲಿ ಅಂಟಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ನಾನು ಶುರುಮಾಡಿದ್ದೇನೆ. ಹೋದ ಭಾನುವಾರ ಫೋನಿನಲ್ಲಿ ಅಪ್ಪನನ್ನು ಕೇಳಿದೆ, ನಮ್ಮ ಶಾಲೆ ಕಟ್ಟುವಾಗ ನಿನ್ನ ಜೊತೆ ಇದ್ದವರು ಯಾರ್ಯಾರು ಅಂತ. ಮೊದಲು ಅದ್ಯಾಕೆ ಅಂದ. ಆಮೇಲೆ ಒಂದೊಂದಾಗಿ ಹನ್ನೊಂದು ಹೆಸರು ಹೇಳಿದ. ಅವರಲ್ಲಿ ನಾಲ್ವರು ತೀರಿಹೋಗಿದ್ದಾರೆ. ಹನ್ನೆರಡನೆಯವಳು ಗಾರೆ ಹೊರುತ್ತಿದ್ದ ಹೆಂಗಸು, ಮೊಲೆ ಕುಡಿಯುವ ಕೂಸನ್ನು ಮರಳಿನ ಗುಡ್ಡೆ ಪಕ್ಕ ಮಲಗಿಸಿ ಬರುತ್ತಿದ್ದಳಂತೆ. ಅವಳ ಹೆಸರು ಅವನಿಗೆ ನೆನಪಾಗಲಿಲ್ಲ. ಅವ್ವನನ್ನು ಕೇಳಿ ಹೇಳುತ್ತೇನೆ ಅಂದಿದ್ದಾನೆ. ಪಟ್ಟಿಯಲ್ಲಿ ಅವಳ ಸಾಲು ಖಾಲಿ ಬಿಟ್ಟಿದ್ದೇನೆ.